ಲೋಸೆಯ ಹಂದಿ

ನಮ್ಮೂರಿನಲ್ಲಿ ಯಾರೂ ನನ್ನ ಮಗಳನ್ನು ಹೇಗಿದ್ದೀಯಾ ಎಂದು ಕೇಳುತ್ತಿರಲಿಲ್ಲ. "ಹಂದಿ ಎಷ್ಟು ದಪ್ಪ ಆಯ್ತೇ, ಲೋಸೆ?" ಎಂದೇ ಕೇಳುತ್ತಿದ್ದರು. ಬಸ್ಸಿಗೆ ಕಾಯುತ್ತ ನಿಂತಾಗ, ಚರ್ಚಿನ ಮೆಟ್ಟಿಲಿಳಿಯುವಾಗ, ಅಂಗಡಿಯಲ್ಲಿ ಸಕ್ಕರೆ ಕಟ್ಟಿಸಿಕೊಳ್ಳುವಾಗ, ಎಲ್ಲಿ ಸಿಕ್ಕರೂ ಅದೇ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಬಾಯಲ್ಲಿ ನೀರಿತ್ತು ಅಷ್ಟೇ.

ಹಂದಿಯನ್ನು ಗೂಡಿಗೆ ಹಾಕಿದವನು ನನ್ನ ಗಂಡ ಕೆಪು. ಹಾಕಿಸಿದವಳು ಅವನ ಅಕ್ಕ, ನನ್ನ ನಾದಿನಿ ಸುಲಿಯಾನಾ. ಆಕೆ ಪಟ್ಟಣದ ಆಚೆಗಿರುವ ಶಿಕ್ಷಕರ ಕಾಲೇಜಿನಲ್ಲಿ ಹಿರಿಯ ಮೇಷ್ಟ್ರು. ನಮ್ಮ ಲೋಸೆ ಅದೇ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿನಿ. ವರ್ಷದ ಮೊದಲಿಗೆ, ಭಾನುವಾರದ ಪ್ರಾರ್ಥನೆ ಮುಗಿದು ಜನ ಏಳುವುದರೊಳಗೆ ಸುಲಿಯಾನಾ ಎದ್ದು ನಿಂತು, "ನನ್ನ ತಮ್ಮನ ಮಗಳು ವರ್ಷದ ಕೊನೆಗೆ ಟೀಚರ್ ಆಗ್ತಾಳೆ. ಎಲ್ಲರೂ ಊಟಕ್ಕೆ ಬರಬೇಕು" ಎಂದು ಇಡೀ ಊರಿಗೆ ಹೇಳಿಬಿಟ್ಟಳು. ಸಂಜೆಯೊಳಗೆ ಕೆಪು ಆ ಊಟಕ್ಕೆ ಹಂದಿ ಕೊಬ್ಬಿಸಲೆಂದು ಹಿತ್ತಲಿನಲ್ಲಿ ಗೂಡು ಕಟ್ಟಿದ. ಆಕ್ಲೆಂಡಿನಲ್ಲಿರುವ ಅವನ ತಮ್ಮ ಆ ವಾರವೇ ವಿಮಾನದ ಟಿಕೆಟ್ ತೆಗೆದ. ಟೋಂಗಾದಲ್ಲಿ ಒಂದು ಹಂದಿ ಗೂಡು ಸೇರಿತೆಂದರೆ ಆ ಸಂಭ್ರಮ ಆದ ಹಾಗೇ ಲೆಕ್ಕ.

ಅಪ್ಪನ ಅಕ್ಕನ ಮಾತಿಗೆ ನಮ್ಮಲ್ಲಿ ಎದುರಿಲ್ಲ. ಮನೆಯ ಮೊದಲ ತಟ್ಟೆ ಆಕೆಯದು, ಮದುವೆಯ ಕೇಕಿನ ಮೇಲಂತಸ್ತು ಆಕೆಯದು. ತಮ್ಮನ ಮನೆಗೆ ಬಂದು ಇಂಥದ್ದು ಬೇಕೆಂದರೆ ಅದೂ ಆಕೆಯದೇ. ಮದುವೆಯಾದ ಹೊಸತರಲ್ಲಿ ನನ್ನ ತವರಿನ ಒಂದು ಒಳ್ಳೆಯ ಚಾಪೆಯನ್ನು ಸುಲಿಯಾನಾ, "ಚೆನ್ನಾಗಿದೆಯಲ್ಲ" ಎಂದಳು ಅಷ್ಟೇ. ಹೋಗುವಾಗ ಅದನ್ನು ಸುತ್ತಿ ಕೈಗೆ ಕೊಟ್ಟು, ಒಳಗೆ ಬಂದು ಹೊಟ್ಟೆ ಉರಿದುಕೊಂಡು ಅತ್ತಿದ್ದೆ. ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಕೂತು ಮಾತಾಡುವುದೂ ಇಲ್ಲ. ಆಕೆ ಮುಂಬಾಗಿಲಿನಿಂದ ಒಳಗೆ ಬಂದರೆ ಇವನು ಹಿಂಬಾಗಿಲಿನಿಂದ ಹೊರಗೆ. ಅದು ಜಗಳವಲ್ಲ, ಮರ್ಯಾದೆ. ಮಾತೇನಿದ್ದರೂ ನಡುವೆ ನಾನಿದ್ದೆನಲ್ಲ, ಟೆಲಿಫೋನಿನ ತಂತಿಯ ಹಾಗೆ.

ಭಾನುವಾರದ ಊಟಕ್ಕೆ ಆಕೆ ತಪ್ಪದೆ ಬರುತ್ತಿದ್ದಳು. ಆಗಸ್ಟಿನ ಒಂದು ಭಾನುವಾರ ಕಾದ ಕಲ್ಲು ಹಾಕಿ ಮುಚ್ಚಿದ್ದ ನೆಲದ ಒಲೆ ಬಿಚ್ಚಿ, ಕೆಸುವಿನೆಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಲೂ ಬಡಿಸಿದೆ. ಒಂದು ತುತ್ತು ತಿಂದು ಆಕೆ ತಲೆಯೆತ್ತಿದಳು.

"ನೇಸಿ, ತೆಂಗಿನ ಹಾಲು ಕಡಿಮೆಯಾಗಿದೆ."

"ಕಾಯೆಲ್ಲ ಹಂದಿ ತಿಂತಿದೆ ಅತ್ತಿಗೆ. ನಮಗೆ ಉಳಿದಿದ್ದು ಇಷ್ಟೇ."

ಮೂಲೆಯಲ್ಲಿ ಕೂತಿದ್ದ ನನ್ನ ಮಾವ ನಕ್ಕರು. "ತಿನ್ಲಿ ಬಿಡಮ್ಮ. ಅದು ತಿಂದಿದ್ದೆಲ್ಲ ಕೊನೆಗೆ ನಮ್ಮ ಹೊಟ್ಟೆಗೇ ತಾನೆ ಬರೋದು."

ಸುಲಿಯಾನಾ ಲೋಸೆಯ ಕಡೆಗೆ ತಿರುಗಿದಳು. "ಓದು ಹೇಗೆ ನಡೀತಿದೆ ಮಗಳೇ?"

ಲೋಸೆ ತಲೆ ತಗ್ಗಿಸಿಕೊಂಡೇ ಹುಬ್ಬೆತ್ತಿದಳು. ನಮ್ಮಲ್ಲಿ ಹುಬ್ಬೆತ್ತಿದರೆ ಹೌದು ಎಂದು, ಚೆನ್ನಾಗಿದೆ ಎಂದು. ಇನ್ನು ಸಾಕು, ಕೇಳಬೇಡಿ ಎಂದೂ ಆಗುತ್ತದೆ.

"ನೋಡು, ಎಂಥ ಮರ್ಯಾದಸ್ಥ ಹುಡುಗಿ," ಎಂದಳು ಸುಲಿಯಾನಾ. "ಒಂದು ಎದುರು ಮಾತಿಲ್ಲ, ಒಂದು ದೂರಿಲ್ಲ. ಕ್ಲಾಸಲ್ಲಿ ಬೇರೆಯವರಿಗೆಲ್ಲ ಇವಳನ್ನೇ ತೋರಿಸ್ತೀನಿ."

ನನಗೂ ಹೆಮ್ಮೆಯಾಯಿತು. ಯಾವ ತಾಯಿಗೆ ಆಗುವುದಿಲ್ಲ? ಲೋಸೆ ಆಗ ಮನೆಯ ಕೆಲಸವನ್ನೆಲ್ಲ ಮೈಮೇಲೆ ಹಾಕಿಕೊಂಡಿದ್ದಳು. ಬೆಳಗ್ಗೆ ನಾನು ಏಳುವ ಹೊತ್ತಿಗೆ ಅಂಗಳ ಗುಡಿಸಿ, ದೀವಿಹಲಸಿನ ಎಲೆ ರಾಶಿ ಹಾಕಿ, ತಾತನ ಅಂಗಿ ಇಸ್ತ್ರಿ ಮಾಡಿ ಇಟ್ಟಿರುತ್ತಿದ್ದಳು. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದಳು. "ಬಿಡೇ, ನಿನ್ನೆ ತಾನೆ ಒಗೆದೆ" ಎಂದರೆ, "ಇರಲಿ ಅಮ್ಮ" ಎನ್ನುತ್ತಿದ್ದಳು. ಅವಳ ಸಮವಸ್ತ್ರ ಮೈಮೇಲೆ ಜೋಲತೊಡಗಿದ್ದು ನನ್ನ ಕಣ್ಣಿಗೆ ಬಿತ್ತು, ಓದಿನ ದಣಿವು ಎಂದುಕೊಂಡೆ.

ನಿಜವಾಗಿ ಕಂಡವರು ಮಾವ. ಕಾವಾ ಬೇರಿನ ಅಮಲಿನ ರಸ ಕುಡಿದು ಕುಡಿದು ಕಣ್ಣು ಮಂಜಾಗಿದೆ ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದ ಮಾವ. ಹಂದಿಗೆ ಕಾಯಿ ಒಡೆದು ಹಾಕುವುದು ಅವರ ಕೆಲಸ. ಒಂದು ಸಂಜೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನೇಸಿ, ಆ ಹುಡುಗಿ ಊಟ ಮಾಡ್ತಿಲ್ಲ."

"ಮಾಡ್ತಾಳಲ್ಲ ಮಾವ. ತಟ್ಟೆ ತೊಳೆದು ಇಡ್ತಾಳೆ."

"ತಟ್ಟೆ ಹಿಡ್ಕೊಂಡು ಹಿತ್ತಲಿಗೆ ಹೋಗ್ತಾಳಮ್ಮ. ಊಟ ಮಾಡ್ತಿರೋದು ಹಂದಿ."

*

ಕೇದಗೆ ಎಲೆಯಲ್ಲಿ ನಾನು ಹೆಣೆಯುವ ಸೊಂಟಪಟ್ಟಿಗಳನ್ನು ಪಟ್ಟಣದ ಮಾರುಕಟ್ಟೆಗೆ ಒಯ್ದು ಕೊಡುವುದಿತ್ತು. ಆ ವಾರ ಹೋದವಳು, ಕೊಟ್ಟು ಮುಗಿಸಿ ಬಸ್ಸಿಗೆಂದು ಸಮುದ್ರದಂಡೆಯ ರಸ್ತೆಗೆ ಬಂದೆ. ಕಟ್ಟೆಯ ಮೇಲೆ ಕಾಲೇಜಿನ ಸಮವಸ್ತ್ರದಲ್ಲಿ, ನಮ್ಮಲ್ಲಿ ಮರ್ಯಾದೆಗೆ ಉಡುವ ಹಾಗೆ ಸೊಂಟಕ್ಕೆ ಚಾಪೆ ಕಟ್ಟಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬಳು ಕೂತಿದ್ದಳು. ಪಾಠದ ಹೊತ್ತು. ಯಾರ ಮನೆಯ ಹುಡುಗಿಯೋ ಹೀಗೆ ಅಲೆಯುತ್ತಿದೆ ಎಂದು ಬೈದುಕೊಂಡು ಹತ್ತಿರ ಹೋದರೆ ನನ್ನ ಮಗಳು.

ಬೈಯಬೇಕೆಂದು ಬಾಯಿ ತೆರೆದೆ. ಅವಳು ನನ್ನನ್ನು ನೋಡಿ ಹೆದರಲಿಲ್ಲ, ಎದ್ದು ನಿಲ್ಲಲೂ ಇಲ್ಲ. ಬೈಗುಳ ಅಲ್ಲಿಗೇ ಬಿಟ್ಟು ಪಕ್ಕದಲ್ಲಿ ಕೂತೆ.

"ಕಾಲೇಜಿಲ್ವೇನೇ?"

"ಇದೆ."

"ಮತ್ತೆ?"

"ಗೇಟಿನ ತನಕ ಹೋಗ್ತೀನಮ್ಮ. ಕೈಕಾಲು ನಡುಗುತ್ತೆ. ಉಸಿರು ಸಿಕ್ಕಲ್ಲ. ಇಲ್ಲಿಗೆ ಬಂದು ಕೂರ್ತೀನಿ."

"ಎಷ್ಟು ದಿನದಿಂದ?"

"ಗೊತ್ತಿಲ್ಲ. ಏಪ್ರಿಲಲ್ಲಿ ಮಳೆಗಾಲ ಮುಗಿದಾಗಿನಿಂದ ಇರಬೇಕು. ಅತ್ತೆ ಕ್ಲಾಸಿಗೆ ಮಾತ್ರ ಹೋಗ್ತೀನಿ. ಹಲ್ಲು ಕಚ್ಚಿಕೊಂಡು ಕೂತು ಬರ್ತೀನಿ."

"ಅತ್ತೆಗೆ ಹೇಳಬಾರದಿತ್ತೇನೇ?"

ಅವಳು ನನ್ನ ಮುಖ ನೋಡಿದಳು. "ಅತ್ತೆಗೆ ಆಗಲ್ಲ ಅಂತ ಯಾರಾದ್ರೂ ಹೇಳಿದ್ದು ನೋಡಿದೀಯಾ ಅಮ್ಮ? ನೀನು ಹೇಳಿದೀಯಾ? ಅಪ್ಪ?"

ನನ್ನ ಚೀಲದಲ್ಲಿ ಒಂದು ಬಾಳೆಹಣ್ಣಿತ್ತು, ಸುಲಿದು ಕೊಟ್ಟೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮೆಲ್ಲಗೆ ಹೇಳಿದಳು: "ರಾತ್ರಿ ಮಲಗುವಾಗ, ಬೆಳಗಾಗದೇ ಇದ್ರೆ ಒಳ್ಳೇದು ಅನ್ಸುತ್ತಮ್ಮ. ಎಲ್ಲರೂ ಹಂದಿ ಕೇಳ್ತಾರೆ. ನಾನು ಇಲ್ದಿದ್ರೂ ಹಂದಿ ಇರುತ್ತಲ್ಲ ಅನ್ಸುತ್ತೆ."

ನಾನು ಹೆತ್ತ ಮಗು ಈ ಮಾತಾಡಿತು. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ನಾನು ಅವಳನ್ನು ತಬ್ಬಿಕೊಂಡು, ನಾಚಿಕೆಯಿಲ್ಲದೆ ಜೋರಾಗಿ ಅತ್ತುಬಿಟ್ಟೆ.

*

"ಸೋಮಾರಿತನ," ಎಂದ ಕೆಪು.

ಹಡಗುಕಟ್ಟೆಯ ಕೆಲಸ ಮುಗಿಸಿ ಬಂದು ಮರಗೆಣಸು ಸುಲಿಯುತ್ತಿದ್ದ. ಲೋಸೆ ತಾತನ ಜೊತೆ ಸ್ಮಶಾನಕ್ಕೆ ಹೋಗಿದ್ದಳು. ಸತ್ತ ಅಜ್ಜಿಗೆ ಏನೋ ಕಿರಿಕಿರಿಯಾಗಿದೆ, ಅದಕ್ಕೇ ಮೊಮ್ಮಗಳಿಗೆ ಹೀಗೆ ಎಂದು ಮಾವನ ಲೆಕ್ಕ. ಸಮಾಧಿಯ ಕಳೆ ಕಿತ್ತು ಹೊಸ ಬಿಳಿ ಮರಳು ಹಾಕಲು ಹೋಗಿದ್ದರು.

"ಸೋಮಾರಿಯೇ? ಬೆಳಗಾದ್ರೆ ನಿನ್ನ ಚಡ್ಡಿ ಒಗೆಯೋಳು ಯಾರು?"

"ಹಾಗಾದ್ರೆ ಪ್ರಾರ್ಥನೆ ಸಾಲದು."

"ಪ್ರಾರ್ಥನೆ ನಾನು ಮಾಡ್ತೀನಿ. ನೀನು ಮಗಳ ಮುಖ ನೋಡು."

"ನೋಡ್ತಾ ಇದೀನಲ್ಲ!" ಚಾಕು ಕೆಳಗಿಟ್ಟ. "ನಾನು ಹಡಗಿನ ಹಗ್ಗ ಎಳೆದು ಸಾಯ್ತಿರೋದು ಯಾಕೆ? ಅವಳು ಎಳೀಬಾರದು ಅಂತ. ಇನ್ನೊಂದಿಷ್ಟು ವಾರ. ಪರೀಕ್ಷೆ ಬರೆದುಬಿಡ್ಲಿ, ಆಮೇಲೆ ಎಷ್ಟು ಬೇಕಾದ್ರೂ ಮಲಗ್ಲಿ. ಊರಿಗೆ ಏನು ಮುಖ ತೋರಿಸ್ಲಿ ನಾನು? ನನ್ನ ತಮ್ಮ ಟಿಕೆಟ್ ತಗೊಂಡಿದಾನೆ. ಆ ಹಂದಿ ನೋಡು, ನಿಲ್ಲೋಕೂ ಆಗ್ತಿಲ್ಲ ಅದಕ್ಕೆ!"

"ನಿನ್ನ ಮಗಳಿಗೂ ನಿಲ್ಲೋಕೆ ಆಗ್ತಿಲ್ಲ ಕಣೋ!"

ಅವನು ಮತ್ತೆ ಚಾಕು ಎತ್ತಿಕೊಂಡು ಮರಗೆಣಸಿಗೆ ಬಾಗಿದ. ಕೆಟ್ಟವನಲ್ಲ ನನ್ನ ಗಂಡ. ಹೆದರಿದಾಗ ಜೋರಾಗಿ ಮಾತಾಡುತ್ತಾನೆ, ವಯಸ್ಸಿನಲ್ಲಿ ಮಾವನೂ ಹಾಗೇ ಇದ್ದರಂತೆ.

ಬೆಳಗ್ಗೆ ನಾನು ಚರ್ಚಿಗೆ ಹೋಗುವ ಉಡುಪು ಉಟ್ಟು, ಸೊಂಟಕ್ಕೆ ಒಳ್ಳೆಯ ಚಾಪೆ ಕಟ್ಟಿಕೊಂಡು ಕಾಲೇಜಿಗೆ ಹೋದೆ. ಬಸ್ಸಿನಲ್ಲಿ ಕೂತು ಮಾತನ್ನೆಲ್ಲ ಜೋಡಿಸಿಕೊಂಡಿದ್ದೆ. ಆಕೆಯ ಕೋಣೆಯ ಬಾಗಿಲಿಗೆ ಬಂದಾಗ ಎಲ್ಲ ಮರೆತೇ ಹೋಯಿತು. ಸುಲಿಯಾನಾ ಕನ್ನಡಕ ತೆಗೆದು ನೋಡಿದಳು.

"ಏನು ನೇಸಿ? ಅಪ್ಪ ಹುಷಾರಾಗಿದಾರಾ?"

"ಅವರು ಹುಷಾರು. ಲೋಸೆಗೆ ಹುಷಾರಿಲ್ಲ ಅತ್ತಿಗೆ."

ಹೇಳಿದೆ. ಗೇಟು, ಸಮುದ್ರದಂಡೆ, ಹಂದಿಗೆ ಸುರಿದ ಅನ್ನ. ಬೆಳಗಾಗದಿದ್ದರೆ ಎಂಬ ಮಾತನ್ನೂ ಹೇಳಿದೆ. ಮೊದಮೊದಲು ಆಕೆಗೆ ಸಿಟ್ಟು ಬಂತು.

"ಇದೇನು ಹೇಳ್ತೀಯಾ ನೀನು? ನನ್ನ ಕ್ಲಾಸಿಗೆ ಒಂದು ದಿನ ತಪ್ಪಿಸಿಲ್ಲ ಅವಳು. ಚೆನ್ನಾಗಿದೀಯಾ ಅಂತ ನಾನೇ ಕೇಳಿದೀನಿ. ನಿನ್ನ ಮುಂದೇನೇ ಕೇಳಿದೀನಿ."

"ಕೇಳಿದ್ರಿ. ಹುಬ್ಬೆತ್ತಿದಳು. ನಿಮ್ಮ ಮುಂದೆ ಅವಳಿಗೆ ಇನ್ನೇನು ಮಾಡೋಕೆ ಬರುತ್ತೆ ಅತ್ತಿಗೆ? ನಮಗೆ ಯಾರಿಗೆ ಬರುತ್ತೆ?"

ನಾದಿನಿಗೆ ಹೀಗೆ ಮಾತಾಡಿದ ಸೊಸೆಯನ್ನು ನಾನು ಕಂಡವಳಲ್ಲ. ಆಕೆ ಬೈಯಲಿಲ್ಲ. ಎದ್ದು ಪಕ್ಕದ ಕೋಣೆಗೆ ಹೋಗಿ ಇಬ್ಬರು ಮೇಷ್ಟ್ರುಗಳನ್ನು ಕರೆದುಕೊಂಡು ಬಂದಳು. ಲೋಸೆ ನಿಮ್ಮ ಪಾಠಕ್ಕೆ ಬರುತ್ತಿದ್ದಾಳಾ ಎಂದು ಕೇಳಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ತುಂಬ ದಿನದಿಂದ ಬರ್ತಿಲ್ಲ ಮೇಡಂ," ಎಂದ ಚಿಕ್ಕ ವಯಸ್ಸಿನವನು. "ನಿಮ್ಮ ತಮ್ಮನ ಮಗಳು. ನಿಮಗೆ ಗೊತ್ತಿದ್ದೇ ಇರುತ್ತೆ ಅಂತ... ನಿಮ್ಮ ಹತ್ರ ಹೇಗೆ ಹೇಳೋದು ಅಂತ..."

ಅವರು ಹೋದ ಮೇಲೆ ಆಕೆ ಕಿಟಕಿಯ ಕಡೆ ತಿರುಗಿದಳು. ಹೊರಗೆ ಹುಡುಗ ಹುಡುಗಿಯರು ಸಾಲಾಗಿ, ತಲೆ ತಗ್ಗಿಸಿ, ಸದ್ದಿಲ್ಲದೆ ಹೋಗುತ್ತಿದ್ದರು.

"ಸುಮ್ಮನಿರೋರನ್ನೆಲ್ಲ ಒಳ್ಳೆ ಮಕ್ಕಳು ಅಂತ ಇಷ್ಟು ವರ್ಷ ಹೊಗಳಿದೀನಿ ನೇಸಿ," ಎಂದಳು. "ಗಲಾಟೆ ಮಾಡೋರನ್ನ ಮಾತ್ರ ಕರೆದು ವಿಚಾರಿಸ್ತಿದ್ದೆ. ಎಷ್ಟು ಜನ ಹೀಗೆ ಸುಮ್ಮನಿದ್ದು ಎದ್ದು ಹೋದ್ರೋ."

ಆಕೆಯ ಕಣ್ಣಲ್ಲಿ ನೀರು ಕಂಡಿದ್ದು ಅದೇ ಮೊದಲು. ತನ್ನ ಅಮ್ಮ ಸತ್ತಾಗಲೂ ಆಕೆ ಎಲ್ಲರೆದುರು ಅತ್ತವಳಲ್ಲ. ಕಣ್ಣೊರೆಸಿಕೊಂಡು ಚೀಲ ಹೆಗಲಿಗೆ ಹಾಕಿಕೊಂಡಳು. "ನಡಿ. ಹುಡುಗಿ ಎಲ್ಲಿದಾಳೆ? ಆಸ್ಪತ್ರೆಗೆ ಹೋಗೋಣ."

*

ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ಲೋಸೆಯನ್ನು ಒಬ್ಬಳನ್ನೇ ಒಳಗೆ ಕರೆದು ಮಾತಾಡಿಸಿದರು. ಹೊರಗೆ ಬೆಂಚಿನ ಮೇಲೆ ನನ್ನ ಮಹಾರಾಣಿ ನಾದಿನಿ, ನನ್ನ ಪಕ್ಕದಲ್ಲಿ, ಕೈಗೆ ಕೈ ಹೆಣೆದುಕೊಂಡು ಕೂತಿದ್ದಳು. ಇದು ಕಾಯಿಲೆ, ಗುಣವಾಗುತ್ತದೆ, ಮಾತ್ರೆ ಬೇಕು, ವಾರವಾರ ಬಂದು ಮಾತಾಡಬೇಕು ಎಂದರು ಡಾಕ್ಟರಮ್ಮ. ಅವಳನ್ನು ಒಂಟಿಯಾಗಿ ಬಿಡಬೇಡಿ ಎಂದರು. ಈ ವರ್ಷ ಪರೀಕ್ಷೆ ಬೇಡವೇ ಬೇಡ ಎಂದರು.

ಇದನ್ನು ಕೆಪುವಿಗೆ ಹೇಳಲು ಸುಲಿಯಾನಾ ತಾನೇ ಬಂದಳು. ಅಂದಿನ ಮಾತುಕತೆ ನೆನೆಸಿಕೊಂಡರೆ ಈಗ ನಗು ಬರುತ್ತದೆ. ಆಕೆ ನಡುಮನೆಯ ಚಾಪೆಯ ಮೇಲೆ, ಅವನು ಹಿತ್ತಲ ಬಾಗಿಲಾಚೆ ಗೂಡಿನ ಪಕ್ಕ, ಹೊಸ್ತಿಲಲ್ಲಿ ನಾನು.

"ನಿನ್ನ ಗಂಡನಿಗೆ ಹೇಳು ನೇಸಿ. ಮಗಳು ಈ ವರ್ಷ ಪರೀಕ್ಷೆ ಬರೆಯಲ್ಲ."

"ಕೇಳಿಸ್ತಲ್ಲ ಕೆಪು?"

"ನಮ್ಮಕ್ಕನಿಗೆ ಹೇಳು. ಅವರು ಹೇಳಿದ ಹಾಗೇ ಆಗ್ಲಿ. ಆದ್ರೆ ಊರಿಗೆ ಹೇಳಿದೋರೂ ಅವರೇ. ನಾಳೆ ಜನ ಕೇಳಿದ್ರೆ ನಾನು ಏನು ಹೇಳ್ಲಿ ಅಂತ ಕೇಳು. ಈ ಹಂದೀನ ಏನು ಮಾಡ್ಲಿ ಅಂತ ಕೇಳು."

"ಹಂದಿ ಕಾಯುತ್ತೆ ಅಂತ ಹೇಳು."

"ಹಂದಿ ಕಾಯುತ್ತೆ. ಜನರ ಬಾಯಿ ಕಾಯುತ್ತಾ ಅಂತ ಕೇಳು."

"ನೀವಿಬ್ಬರೂ ನೇರವಾಗಿ ಮಾತಾಡಿಕೊಳ್ರಪ್ಪಾ, ನನ್ನ ಕತ್ತು ಉಳುಕ್ತಿದೆ!" ಎಂದು ನಾನು ಕೂಗಿದೆ. ಮಾವ ಫಕ್ಕನೆ ನಕ್ಕು, ಕೂಡಲೇ ಕೆಮ್ಮಿದವರ ಹಾಗೆ ಮಾಡಿದರು.

ಈ ಮಾತೆಲ್ಲ ಒಳಕೋಣೆಯಲ್ಲಿದ್ದ ಲೋಸೆಯ ಕಿವಿಗೆ ಬಿದ್ದಿತ್ತು. ಬೆಳಗ್ಗೆ ನೋಡಿದರೆ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಾಳೆ.

"ಪರೀಕ್ಷೆ ಬರೀತೀನಮ್ಮ. ಅಪ್ಪನಿಗೆ ಹೇಳು, ಬರೀತೀನಿ ಅಂತ."

"ಡಾಕ್ಟರಮ್ಮ ಬೇಡ ಅಂದಿದಾರಲ್ಲೇ."

"ಆ ಹಂದಿ ಇರೋ ತನಕ ನನಗೆ ಮನೇಲಿ ಕೂರೋಕೆ ಆಗಲ್ಲ." ಅಷ್ಟು ಹೇಳಿ ಚೀಲ ಹಿಡಿದು ಹೊರಟಳು. ನಾನು ಹಿಂದೆಯೇ ಹೋದೆ.

ಬಸ್ ನಿಲ್ದಾಣದಲ್ಲಿ ನಮ್ಮ ಪಕ್ಕದ ಮನೆಯ ಸಿಸಿಲಿಯಾ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಒಳ್ಳೆಯ ಹೆಂಗಸು, ಬಾಯಿಗೆ ಮಾತ್ರ ಬಾಗಿಲಿಲ್ಲ. "ಓಹೋ, ಬಂದಳು ನೋಡಿ ಟೀಚರಮ್ಮ! ಹಂದಿಯ ಕಿವಿ ನನಗೇ ಆಯ್ತಾ ಲೋಸೆ, ಬೇರೆ ಯಾರಿಗೂ ಕೊಡಬೇಡ!" ಎಂದಳು. ಬಸ್ಸು ಬಂದು ನಿಂತಿತು. ಲೋಸೆ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು, ಹಾಗೇ ಕಾಲು ತೆಗೆದು, ರಸ್ತೆಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಉಸಿರು ಏರಿ ಏರಿ ಬರುತ್ತಿತ್ತು. ಅವಳ ಬೆನ್ನು ನೀವುತ್ತ ಕೂತ ನಾನು, ಅದು ಸ್ವಲ್ಪ ಇಳಿದ ಮೇಲೆ, ಅಲ್ಲಿಂದಲೇ ಸುಲಿಯಾನಾಗೆ ಫೋನ್ ಮಾಡಿದೆ.

"ಅತ್ತಿಗೆ, ಹಂದಿ ಕಾಯುತ್ತೆ ಅಂದ್ರಲ್ಲ. ಅದು ಕಾಯ್ತಿರೋದೇ ನನ್ನ ಮಗಳಿಗೆ ತಡೀತಿಲ್ಲ."

ಆಕೆ ಫೋನ್ ಇಟ್ಟುಬಿಟ್ಟಳು.

*

ಬುಧವಾರ ಬೆಳಗ್ಗೆ ಕಾಲೇಜಿನ ಟ್ರಕ್ಕು ನಮ್ಮ ಅಂಗಳಕ್ಕೆ ಬಂತು. ಕೆಪುವಿಗೆ ಅಂದು ರಜೆ. ಸುಲಿಯಾನಾ ಇಳಿದು, ಮನೆಯೊಳಗೆ ಬಾರದೆ, ಸೀದಾ ಹಿತ್ತಲಿಗೆ ಹೋಗಿ ಗೂಡಿನ ಮುಂದೆ ನಿಂತಳು. ಕೆಪು ದೂರ ಸರಿದು ತೆಂಗಿನ ಮರದ ಹಿಂದೆ ನಿಂತ.

"ನೇಸಿ, ನಿನ್ನ ಗಂಡನಿಗೆ ಹೇಳು," ಎಂದಳು. "ಈ ಹಂದಿ ನನಗೆ ಬೇಕು."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಎಲಾ ಇವಳಾ! ಮನೆಯೊಳಗೆ ಮಗು ಬಾಡಿಹೋಗುತ್ತಿದೆ, ಇವಳಿಗೆ ಹಂದಿ ಬೇಕಂತೆ! ನನ್ನ ಚಾಪೆ ನೆನಪಾಯಿತು. ನಾಲಿಗೆ ತುದಿಗೆ ಬಂದದ್ದನ್ನು ಹೇಗೆ ನುಂಗಿದೆನೋ ದೇವರೇ ಬಲ್ಲ.

ಕೆಪುವಿನ ಮುಖ ಕಪ್ಪಿಟ್ಟಿತು. ತಿಂಗಳುಗಟ್ಟಲೆ ಮೇಯಿಸಿದ ಹಂದಿ. ಹೆಗಲೆಲ್ಲ ಕುಸಿದು ಹೋದ ಹಾಗೆ ನಿಂತಿದ್ದ. ಆದರೂ ಅಕ್ಕ ಕೇಳಿದ ಮೇಲೆ ಮುಗಿಯಿತು. "ಅಕ್ಕನದೇ ಅದು ಅಂತ ಹೇಳು," ಎಂದ.

"ಹಾಗಾದ್ರೆ ಹಂದಿ ಈಗ ನನ್ನದು. ನನ್ನ ಹಂದೀನ ನಾನು ಏನು ಬೇಕಾದ್ರೂ ಮಾಡಬಹುದು." ಸುಲಿಯಾನಾ ತೋಳು ಮಡಿಸಿದಳು. "ಇವತ್ತು ಮಧ್ಯಾಹ್ನ ಇದನ್ನ ಇಲ್ಲೇ ಬೇಯಿಸಬೇಕು. ಟ್ರಕ್ಕಲ್ಲಿ ಗೆಣಸು ತಂದಿದೀನಿ, ಕೆಸು ತಂದಿದೀನಿ. ಊರಲ್ಲಿ ಯಾರ್ಯಾರು ಈ ಹಂದಿ ಬಗ್ಗೆ ಕೇಳಿದಾರೋ ಅವರನ್ನೆಲ್ಲ ಕರೀರಿ."

"ಅಕ್ಕಾ!" ಕೆಪು ನನ್ನನ್ನು ಮರೆತೇಬಿಟ್ಟ. "ಇವತ್ತಾ? ಬುಧವಾರ? ಯಾವ ಕಾರಣಕ್ಕೆ?"

"ಕಾರಣ ನಾನು ಹೇಳ್ತೀನಿ. ಊರಿಗೆಲ್ಲ ಹೇಳಿದೋಳು ನಾನು. ಊರಿಗೆ ತಿನ್ನಿಸಿ ಮುಗಿಸೋದೂ ನನ್ನ ಕೆಲಸ. ನೀನು ಕಲ್ಲು ಕಾಯಿಸು."

ಆಮೇಲೆ ಒಳಗೆ ಹೋಗಿ ಲೋಸೆಯ ಎದುರು ನೆಲದ ಮೇಲೆ ಕೂತಳು. ನಾನು ಬಾಗಿಲಲ್ಲೇ ನಿಂತಿದ್ದೆ.

"ಮಗಳೇ, ಜನ ಬರ್ತಾರೆ. ನಿನಗೆ ಹುಷಾರಿಲ್ಲ ಅಂತ ಅವರಿಗೆ ಹೇಳಬೇಕು ಅಂತಿದೀನಿ. ಹೇಳಲಾ?"

ಲೋಸೆ ಹುಬ್ಬೆತ್ತಿದಳು.

"ಹುಬ್ಬು ಬೇಡ. ಬಾಯಲ್ಲಿ ಹೇಳು. ಬೇಡ ಅಂದ್ರೆ ಬೇಡ. ನನಗೆ ಬೇಡ ಅಂತ ಹೇಳಬಹುದು ನೀನು. ಇವತ್ತಿಂದ ಹೇಳಬಹುದು."

ಮಗು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆಯಿತು. ಸುಲಿಯಾನಾ ಅವಸರ ಮಾಡಲಿಲ್ಲ. ಜೀವಮಾನವಿಡೀ ಉತ್ತರ ಬರುವ ಮೊದಲೇ ಮುಂದಿನ ಪ್ರಶ್ನೆ ಕೇಳುತ್ತಿದ್ದವಳು ಅಂದು ಕಾದು ಕೂತಳು.

"ಹೇಳಿ ಅತ್ತೆ," ಎಂದಳು ಲೋಸೆ ಕೊನೆಗೆ. "ಆದ್ರೆ ನೀವು ಅಳಬೇಡಿ."

*

ಜನ ಬಂದರು. ಬಾರದೇ ಇರುತ್ತಾರೆಯೇ? ಅಂಗಳದ ತುಂಬ ಚಾಪೆ ಹಾಸಿದೆವು, ಒಳಗೆ ನಡುಮನೆಯಲ್ಲಿ ಹಿರಿಯರಿಗೆ. ಎಲ್ಲರೂ ಒಬ್ಬರನ್ನೊಬ್ಬರು ಕೇಳುತ್ತಿದ್ದರು, ಏನು ವಿಶೇಷ, ಪರೀಕ್ಷೆ ಮುಗಿದೇಹೋಯಿತೇ ಎಂದು. ಕೇಳಿಯೇಬಿಟ್ಟವಳು ಸಿಸಿಲಿಯಾ.

"ಬುಧವಾರ ಇಷ್ಟು ದೊಡ್ಡ ಹಂದಿ! ಯಾವ ಸಂತೋಷಕ್ಕೆ?"

ಸುಲಿಯಾನಾ ಎದ್ದು ನಿಂತಳು. ಚರ್ಚಿನಲ್ಲಿ ನಿಂತ ಹಾಗೆಯೇ, ಬೆನ್ನು ನೆಟ್ಟಗೆ.

"ನನ್ನ ತಮ್ಮನ ಮಗಳು ಈ ವರ್ಷ ಟೀಚರ್ ಆಗ್ತಾಳೆ ಅಂತ ನಿಮಗೆಲ್ಲ ಹೇಳಿದ್ದೆ. ಆಗಲ್ಲ. ಅವಳಿಗೆ ಹುಷಾರಿಲ್ಲ. ಕಾಲು ಮುರಿದ್ರೆ ಹೇಳ್ತೀವಲ್ಲ, ಹಾಗೇ ಹೇಳ್ತಿದೀನಿ, ಅವಳ ಮನಸ್ಸಿಗೆ ಹುಷಾರಿಲ್ಲ. ಮೇಷ್ಟ್ರಾಗಿ ದಿನಾ ಎದುರಿಗೆ ನಿಂತಿದ್ದೋಳು ನಾನು, ನನಗೇ ಕಾಣಲಿಲ್ಲ. ಆದ್ರೆ ಅವಳು ಇದಾಳೆ. ಈ ಮನೇಲಿ, ನಮ್ಮ ಜೊತೆ ಇದಾಳೆ. ಈ ಹಂದಿ ಅದಕ್ಕೆ." ಸ್ವಲ್ಪ ತಡೆದು ಸೇರಿಸಿದಳು: "ಇನ್ನು ಮೇಲೆ ಹಂದಿ ಇಲ್ಲ. ಯಾರೂ ಕೇಳಬೇಕಾಗಿಲ್ಲ. ತಿನ್ನಿ."

ಆಕೆ ಅಳಲಿಲ್ಲ, ಮಗುವಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಳು. ಸಿಸಿಲಿಯಾ ಮಾತ್ರ ಬಾಯಿಗೆ ಅಂಗೈ ಒತ್ತಿಕೊಂಡು ಬಿಕ್ಕುತ್ತಿದ್ದಳು.

ಮೊದಲ ತಟ್ಟೆಯನ್ನು, ಬೆನ್ನಿನ ಒಳ್ಳೆಯ ತುಂಡು ಹಾಕಿ, ಕೆಪು ಹೊಸ್ತಿಲ ತನಕ ತಂದು ನನ್ನ ಕೈಗೆ ಕೊಟ್ಟ. ನಾನು ಅದನ್ನು ಸುಲಿಯಾನಾಳ ಮುಂದಿಟ್ಟೆ. ಆಕೆ ಪಕ್ಕಕ್ಕೆ ಸರಿದು, ಲೋಸೆಯನ್ನು ತನ್ನ ಜಾಗದಲ್ಲಿ ಕೂರಿಸಿ, ತಟ್ಟೆಯನ್ನು ಅವಳ ಮುಂದೆ ತಳ್ಳಿದಳು. ಸೋದರತ್ತೆಯ ತಟ್ಟೆ! ಮಾವನ ಬಾಯಿ ತೆರೆದ ಹಾಗೇ ಇತ್ತು.

ಲೋಸೆ ತಟ್ಟೆಯನ್ನೇ ನೋಡುತ್ತ ಕೂತಳು. ಆಗ ಕೆಪು ಹೊಸ್ತಿಲು ದಾಟಿದ. ಅಕ್ಕ ಕೂತ ಕೋಣೆಗೆ, ಅಷ್ಟು ಜನರೆದುರು, ಮಸಿ ಮೆತ್ತಿದ ಕೈಯಲ್ಲೇ ಬಂದು ಮಗಳ ಪಕ್ಕದಲ್ಲಿ ಕೂತ. ಸುಲಿಯಾನಾ ಏಳಲಿಲ್ಲ. ಇವನೂ ತಲೆ ಎತ್ತಲಿಲ್ಲ.

"ದಿನಾ ಎದ್ದು ಮೊದಲು ಹಂದೀನ ನೋಡ್ತಿದ್ದೆ ಮಗಾ," ಎಂದ. "ನಿನ್ನ ನೋಡಲಿಲ್ಲ."

"ಪರವಾಗಿಲ್ಲಪ್ಪ."

"ಪರವಾಗಿಲ್ಲ ಅನ್ನಬೇಡ. ಬಯ್ಯಿ."

ಅವಳಿಗೆ ನಗು ಬಂದುಬಿಟ್ಟಿತು. ಸಣ್ಣ ನಗು, ಮೂಗಿನಲ್ಲಿ. ಎಷ್ಟು ತಿಂಗಳಾಗಿತ್ತು ಆ ಸದ್ದು ಕೇಳಿ! ಆಮೇಲೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ಪೂರ್ತಿ ತಿನ್ನಲಿಲ್ಲ. ಮೂರು ನಾಲ್ಕು ತುತ್ತು, ಅದೂ ನಿಧಾನವಾಗಿ. ಹಿತ್ತಲಿನಲ್ಲಿ ಗೂಡು ಖಾಲಿಯಿತ್ತು, ತಟ್ಟೆ ಒಯ್ದು ಸುರಿಯಲು ಜಾಗವಿರಲಿಲ್ಲ.

*

ಮಾತ್ರೆ ನುಂಗಿದ ಕೂಡಲೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಕೆಲವು ದಿನ ಅವಳು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಕೆಲವು ದಿನ ನನ್ನ ಜೊತೆ ಕೂತು ಕೇದಗೆ ಎಲೆ ಸೀಳುತ್ತಿದ್ದಳು. ಕೆಪು ಕೆಲಸಕ್ಕೆ ಹೋಗುವ ಮುಂಚೆ ಅವಳ ಬಾಗಿಲಿಗೆ ಬಂದು, "ಇವತ್ತು ಹೇಗೆ?" ಎಂದು ಕೇಳುವುದನ್ನು ಕಲಿತ. ಉತ್ತರ ಬಾಯಿಂದ ಬರುವ ತನಕ ನಿಲ್ಲುವುದನ್ನೂ ಕಲಿತ. ಆಕ್ಲೆಂಡಿನ ಮೈದುನ ತೆಗೆದ ಟಿಕೆಟ್ಟಿನಲ್ಲೇ ಬಂದ. ಹಂದಿಯಿಲ್ಲವೆಂದು ಕೊರಗಿ, ಕೋಳಿ ತಿಂದು ಹೋದ.

ಕಾಲೇಜಿನ ಸುದ್ದಿ ತಂದವರು ಲೋಸೆಯ ಗೆಳತಿಯರು. ಅವರ ಸುಲಿಯಾನಾ ಮೇಡಂ ಈಗ ಮಧ್ಯಾಹ್ನದ ಊಟವನ್ನು ಮಕ್ಕಳ ಜೊತೆ ಚಾಪೆಯ ಮೇಲೆ ಕೂತು ಮಾಡುತ್ತಾಳಂತೆ. ಉಳಿದ ಮೇಷ್ಟ್ರುಗಳನ್ನೂ ಎಳೆದು ತಂದು ಕೂರಿಸುತ್ತಾಳಂತೆ. ಪಾಠದಲ್ಲಿ ಕಷ್ಟವಿದ್ದರೆ ಕೈಯೆತ್ತಿ ಎನ್ನುವುದನ್ನು ಬಿಟ್ಟಿದ್ದಾಳಂತೆ, ಯಾರ ಕೈಯೂ ಏಳುವುದಿಲ್ಲವಲ್ಲ. ಬದಲಿಗೆ ಗೆಣಸು ಸುಲಿಯುತ್ತ, ಈ ವಾರ ತನ್ನಿಂದ ಏನು ತಪ್ಪಾಯಿತು ಎಂದು ತಾನೇ ಮೊದಲು ಹೇಳುತ್ತಾಳಂತೆ. ಮೊದಲ ದಿನ ಹೇಳಿದ್ದು ನಮ್ಮ ಲೋಸೆಯ ವಿಷಯ. ಆ ದಿನ ಕೊನೆಯ ಬೆಂಚಿನ ಒಬ್ಬ 'ಒಳ್ಳೆಯ' ಹುಡುಗ ಕಾಲೇಜು ಬಿಟ್ಟಮೇಲೂ ಮನೆಗೆ ಹೋಗದೆ ಆಕೆಯ ಬಾಗಿಲಲ್ಲಿ ನಿಂತಿದ್ದನಂತೆ. ಹರೆಯ ಕಳೆದ ಮೇಲೆ, ಅಷ್ಟು ದೊಡ್ಡ ಹೆಸರಿದ್ದವಳು, ತನ್ನ ಪಾಠವನ್ನು ತಾನೇ ಮತ್ತೆ ಮೊದಲಿನಿಂದ ಕಲಿಯಲು ಕೂತಳಲ್ಲ, ಅದು ಸಾಮಾನ್ಯದ ಮಾತಲ್ಲ. ನನ್ನ ಚಾಪೆ ಆಕೆಯ ಬಳಿಯೇ ಇರಲಿ.

ಡಿಸೆಂಬರಿನ ಒಂದು ಬೆಳಗ್ಗೆ ಲೋಸೆ ಅಂಗಡಿಗೆ ಸಕ್ಕರೆ ತರಲು ತಾನಾಗಿ ಹೊರಟಳು. ನಾನು ಬೇಲಿಯ ಬಳಿ ಬಟ್ಟೆ ಹರವುತ್ತಿದ್ದೆ. ಎದುರಿನಿಂದ ಸಿಸಿಲಿಯಾ ಬುಟ್ಟಿ ಹೊತ್ತು ಬಂದಳು. ಲೋಸೆಯನ್ನು ಕಂಡವಳೇ ಅಭ್ಯಾಸದಂತೆ ಬಾಯಿ ತೆರೆದಳು, "ಏನೇ ಲೋಸೆ, ಹಂ..." ಎಂದು ಅಲ್ಲಿಗೇ ನಿಂತಳು. ಕೇಳಲು ಹಂದಿಯೇ ಇಲ್ಲ. ಪಾಪ, ಮಾತಿಲ್ಲದೆ ಆ ಹೆಂಗಸು ಒದ್ದಾಡಿದ್ದು ನನಗೆ ಅಲ್ಲಿಂದಲೇ ಕಾಣುತ್ತಿತ್ತು.

"ಹೇಗಿದೀಯಮ್ಮಾ?" ಎಂದಳು ಕೊನೆಗೆ.

ನಾನು ಹಿಂಡುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತೆ. ಲೋಸೆಯ ಹುಬ್ಬು ಏಳಲಿಲ್ಲ.

"ನಿನ್ನೆ ಚೆನ್ನಾಗಿರಲಿಲ್ಲ ಚಿಕ್ಕಮ್ಮ," ಎಂದಳು. "ಇವತ್ತು ಪರವಾಗಿಲ್ಲ."

ಸಿಸಿಲಿಯಾ ಬುಟ್ಟಿಯನ್ನು ರಸ್ತೆಯ ಬದಿಗೆ ಇಳಿಸಿ, "ನಿನ್ನೆ ಏನಾಯ್ತು, ಹೇಳು" ಎಂದು ಅವಳ ಪಕ್ಕದಲ್ಲಿ ಕೂತಳು.